ಜಿರ್ಕೋನಿಯಾ ಅಬಟ್‌ಮೆಂಟ್ ಸೀಳಿದರೆ ತಪ್ಪು ಯಾವ ಶಾಖದ್ದು?

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದೊಂದು ಸಣ್ಣ ಡೆಂಟಲ್ ಲ್ಯಾಬ್ ಇದೆ. ಇಂಪ್ಲಾಂಟ್ ಕೇಸುಗಳಿಗೆ, ಇಂಪ್ಲಾಂಟಿಗೂ ಮೇಲಿನ ಕ್ರೌನಿಗೂ ನಡುವೆ ಕೂರುವ ಜಿರ್ಕೋನಿಯಾ ಅಬಟ್‌ಮೆಂಟ್ ಮಿಲ್ ಮಾಡಿ (ಮಷೀನಿನಲ್ಲಿ ಕೊರೆದು), ಟೈಟೇನಿಯಂ ಬೇಸ್ ಮೇಲೆ ಅಂಟಿಸಿ ಕಳಿಸುತ್ತೇವೆ. ಕೆಲಸ ಹೆಚ್ಚಿದ್ದಾಗ ಫರ್ನೇಸಿನಲ್ಲಿ ಬೇಗ ಮುಗಿಯುವ ಸ್ಪೀಡ್ ಪ್ರೋಗ್ರಾಂ ಹಾಕುವುದುಂಟು. ಹಾಗೆ ಮಾಡಿದ ಒಂದು ಅಬಟ್‌ಮೆಂಟ್ ಬೇಸ್ ಮೇಲೆ ಪೂರ್ತಿ ಕೂರಲಿಲ್ಲ. ಒಳಗಡೆ ಡೈಮಂಡ್ ಬರ್‌ನಿಂದ ತೇದು ಕೂರಿಸಿದೆವು. ತೇದ ಗಾಯ ಶಾಖಕ್ಕೆ ಮಾಯುತ್ತದೆ ಎಂದು ಕೇಳಿದ್ದರಿಂದ 1000 ಡಿಗ್ರಿಯಲ್ಲಿ ಒಮ್ಮೆ ಫೈರ್ ಕೂಡ ಮಾಡಿದೆವು. ಡಾಕ್ಟರು ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಸ್ಟೆರಿಲೈಜ್ ಮಾಡಿ) ಹಾಕಿದರು. ಎಂಟು ತಿಂಗಳಲ್ಲಿ ಕುತ್ತಿಗೆಯ ಹತ್ತಿರ ಸೀಳಿಕೊಂಡು ವಾಪಸ್ ಬಂತು. ಸಿಂಟರಿಂಗ್, ಅಂದರೆ ಮಿಲ್ ಮಾಡಿದ ತುಂಡನ್ನು ಫರ್ನೇಸಿನಲ್ಲಿ ಸುಟ್ಟು ಗಟ್ಟಿ ಮಾಡುವುದು, ಸರಿಯಾಗಿಲ್ಲ ಎಂದು ಅವರ ವಾದ. ನಮಗೆ ಆಟೋಕ್ಲೇವ್ ಮೇಲೆ ಅನುಮಾನ. ಯಾವ ಶಾಖ ಈ ವಸ್ತುವಿಗೆ ಏನು ಮಾಡುತ್ತದೆ?

ಉತ್ತರ: ನೀವು ಬರೆದಿರುವಷ್ಟರಿಂದ ಹೇಳುವುದಾದರೆ, ಮೊದಲ ಅನುಮಾನ ಒಳಗಡೆ ತೇದದ್ದರ ಮೇಲೆ, ಎರಡನೆಯದು ಸ್ಪೀಡ್ ಪ್ರೋಗ್ರಾಂ ಮೇಲೆ. ಆಟೋಕ್ಲೇವ್ ಸರದಿಯ ಕೊನೆಯಲ್ಲಿ ಬರುತ್ತದೆ. 1000 ಡಿಗ್ರಿಯ ಫೈರಿಂಗ್ ಕೆಲಸವನ್ನೇನೋ ಮಾಡಿದೆ, ಆದರೆ ನೀವು ಅಂದುಕೊಂಡ ಕೆಲಸವನ್ನಲ್ಲ. ಅದು ಹರಳಿನ ರೂಪವನ್ನು ಮೊದಲಿನಂತೆ ಮಾಡಬಲ್ಲದು. ಬಿರುಕನ್ನು ಮುಚ್ಚಲಾರದು.

ಶುದ್ಧ ಜಿರ್ಕೋನಿಯಾಕ್ಕೆ ಶಾಖದ ಜೊತೆ ಹರಳಿನ ಮೂರು ರೂಪಗಳು. ಕೋಣೆಯ ಉಷ್ಣತೆಯಿಂದ ಸುಮಾರು 1170 ಡಿಗ್ರಿ ಸೆಲ್ಸಿಯಸ್ ತನಕ ಮೊನೊಕ್ಲಿನಿಕ್, ಅಲ್ಲಿಂದ 2370 ಡಿಗ್ರಿ ತನಕ ಟೆಟ್ರಾಗೊನಲ್, ಅದರಾಚೆ ಕರಗುವವರೆಗೆ ಕ್ಯೂಬಿಕ್. ತಣಿಯುವಾಗ ಟೆಟ್ರಾಗೊನಲ್ ಹೋಗಿ ಮೊನೊಕ್ಲಿನಿಕ್ ಆದರೆ ಗಾತ್ರ ಶೇಕಡ 4ರಿಂದ 5ರಷ್ಟು ಹಿಗ್ಗುತ್ತದೆ. ಶುದ್ಧ ಜಿರ್ಕೋನಿಯಾದ ತುಂಡೊಂದನ್ನು 1500 ಡಿಗ್ರಿಗೆ ಕಾಯಿಸಿ ತಣಿಸಿದರೆ ಈ ಹಿಗ್ಗುವಿಕೆಗೇ ಅದು ಚೂರುಚೂರಾಗುತ್ತದೆ. ಅದನ್ನು ತಡೆಯಲು ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆಸುತ್ತಾರೆ. 3 ಮೋಲ್ ಶೇಕಡ, ಅಂದರೆ ತೂಕದಲ್ಲಿ ಸುಮಾರು 5.2 ಶೇಕಡ ಇಟ್ರಿಯಾ ಇದ್ದರೆ ಟೆಟ್ರಾಗೊನಲ್ ರೂಪ ಕೋಣೆಯ ಉಷ್ಣತೆಯಲ್ಲೂ ಉಳಿಯುತ್ತದೆ. ನೀವು ತುಂಡುಗಳನ್ನು ಮಿಲ್ ಮಾಡಿ ತೆಗೆಯುವ 3ವೈ ಡಿಸ್ಕ್ ಇದೇ.

ಹೀಗೆ ಉಳಿದದ್ದು ಒತ್ತಾಯಕ್ಕೆ ಉಳಿದದ್ದು, ಅವಕಾಶ ಸಿಕ್ಕರೆ ಮೊನೊಕ್ಲಿನಿಕ್ ಆಗಲು ಕಾಯುತ್ತಿರುತ್ತದೆ. ಅದರ ಬಲವೂ ಅಲ್ಲೇ ಇದೆ. ಬಿರುಕಿನ ತುದಿ ಬಂದು ತಾಕಿದಾಗ ಸುತ್ತಲಿನ ಹರಳುಕಣಗಳು ರೂಪ ಬದಲಿಸಿ ಹಿಗ್ಗಿ, ಬಿರುಕನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸುತ್ತವೆ. ಗಾರ್ವಿ ಮತ್ತು ಸಂಗಡಿಗರು 1975ರಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆಯೇ ಜಿರ್ಕೋನಿಯಾಕ್ಕೆ ಭಾರ ಹೊರುವ ಕೆಲಸ ಸಿಕ್ಕಿದ್ದು. ಅದರ ದೌರ್ಬಲ್ಯವೂ ಇದೇ ಗುಣದಿಂದ ಬರುತ್ತದೆ. ಬಿರುಕಿಲ್ಲದೆಯೂ, ಬರೀ ತೇವ ಮತ್ತು ಸಾಧಾರಣ ಬಿಸಿಗೆ ಮೇಲ್ಮೈಯ ಕಣಗಳು ಒಂದೊಂದಾಗಿ ರೂಪ ಬದಲಿಸಬಲ್ಲವು. 1981ರಲ್ಲಿ ಜಪಾನಿನ ಕೊಬಯಾಶಿ ತಂಡ ಗುರುತಿಸಿದ ಈ ಸವೆತ 65ರಿಂದ 300 ಡಿಗ್ರಿಯ ನಡುವೆ ಎದ್ದುಕಾಣುವಂತೆ ನಡೆಯುತ್ತದೆ, 250ರ ಆಸುಪಾಸಿನಲ್ಲಿ ಅತಿ ವೇಗವಾಗಿ. ಬಾಯಿಯ 37 ಡಿಗ್ರಿಯಲ್ಲೂ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಎಷ್ಟು ನಿಧಾನ ಎಂಬುದನ್ನು ನಿರ್ಧರಿಸುವುದು ಹರಳುಕಣದ ಗಾತ್ರ, ಉಳಿದ ರಂಧ್ರಗಳು, ಇಟ್ರಿಯಾದ ಹಂಚಿಕೆ. ಈ ಮೂರನ್ನೂ ತೀರ್ಮಾನಿಸುವುದು ನಿಮ್ಮ ಸಿಂಟರಿಂಗ್ ಫರ್ನೇಸ್.

ಈಗ ಬೇಸ್ ಮೇಲೆ ಕೂರದ ವಿಚಾರ. ಬಿಗಿಯಾದ ತಕ್ಷಣ 'ಜಾಸ್ತಿ ಕಾದು ಜಾಸ್ತಿ ಕುಗ್ಗಿದೆ' ಎನ್ನುವ ಮಾತು ಲ್ಯಾಬುಗಳಲ್ಲಿ ಸಾಮಾನ್ಯ. ಅದು ಸಾಧ್ಯವಿಲ್ಲ. ಮಿಲ್ ಮಾಡುವಾಗ ಡಿಸ್ಕಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 3.1 ಗ್ರಾಂ; ಅರ್ಧದಷ್ಟು ಗಾಳಿಯೇ. ಸಿಂಟರ್ ಆದಮೇಲೆ 6.05ರಿಂದ 6.09. ಅಷ್ಟು ಹೊತ್ತಿಗೆ ಶೇಕಡ 99ಕ್ಕಿಂತ ಹೆಚ್ಚು ಗಟ್ಟಿಯಾಗಿರುತ್ತದೆ, ಇನ್ನು ಕುಗ್ಗಲು ಒಳಗೆ ಜಾಗವೇ ಇರುವುದಿಲ್ಲ. 50 ಡಿಗ್ರಿ ಜಾಸ್ತಿ ಕೊಟ್ಟರೆ ಕಣಗಳು ದಪ್ಪವಾಗುತ್ತವೆಯೇ ಹೊರತು ಅಳತೆ ಕಡಿಮೆಯಾಗುವುದಿಲ್ಲ. ಶಾಖ ಕಡಿಮೆಯಾದರೆ ಅಳತೆ ಕೆಡುತ್ತದೆ, ಆದರೆ ಉಲ್ಟಾ ದಿಕ್ಕಿನಲ್ಲಿ: ತುಂಡು ದೊಡ್ಡದಾಗಿಯೇ ಉಳಿದು ಬೇಸ್ ಮೇಲೆ ಸಡಿಲವಾಗುತ್ತದೆ, ನೋಡಲು ಸುಣ್ಣದಂತೆ ಬೆಳ್ಳಗಿರುತ್ತದೆ.

ಹಾಗಾಗಿ ಬಿಗಿ ಬಂತೆಂದರೆ ಮೊದಲು ನೋಡಬೇಕಾದ್ದು ಡಿಸ್ಕಿನ ಮೇಲೆ ಬರೆದಿರುವ ಹಿಗ್ಗಿಸುವ ಅಂಕಿ, ಅಂದರೆ ಮುಂದೆ ಕುಗ್ಗುವುದನ್ನು ಲೆಕ್ಕಹಾಕಿ ಎಷ್ಟು ಪಟ್ಟು ದೊಡ್ಡದಾಗಿ ಮಿಲ್ ಮಾಡಬೇಕು ಎಂಬುದು. ಪ್ರತಿ ಬ್ಯಾಚಿಗೂ ಅದು ಬೇರೆ. ಡಿಸ್ಕಿನ ಮೇಲೆ 1.245 ಇದ್ದು, ಸಾಫ್ಟ್‌ವೇರಿನಲ್ಲಿ ಹಿಂದಿನ ಡಿಸ್ಕಿನ 1.230 ಉಳಿದುಹೋಗಿತ್ತು ಎನ್ನಿ. 5 ಮಿಲಿಮೀಟರ್ ವ್ಯಾಸದ ಒಳರಂಧ್ರವನ್ನು ಮಷೀನು 6.150 ಮಿಲಿಮೀಟರಿಗೆ ಕೊರೆಯುತ್ತದೆ; ಅದು 1.245ರ ಪ್ರಕಾರ ಕುಗ್ಗಿ 4.940ಕ್ಕೆ ನಿಲ್ಲುತ್ತದೆ. ವ್ಯಾಸದಲ್ಲಿ 60 ಮೈಕ್ರಾನ್ ಕೊರತೆ. ಸಿಮೆಂಟಿಗೆಂದು ಸುತ್ತಲೂ ಬಿಟ್ಟಿದ್ದ 30 ಮೈಕ್ರಾನ್ ಜಾಗ ಅಲ್ಲಿಗೇ ಮುಗಿಯಿತು. ಎರಡನೆಯ ಕಾರಣ ಸವೆದ ಬರ್. ಬರ್ ಸಣ್ಣದಾಗಿದ್ದರೆ ಒಳಗಿನ ರಂಧ್ರವೂ ಸಣ್ಣದಾಗಿಯೇ ಬರುತ್ತದೆ. ಮೂರನೆಯದು, ತುಂಡು ಟ್ರೇಗೆ ಅಂಟಿ ಅಥವಾ ಒಂದೇ ಕಡೆ ಕಾದು ಸೊಟ್ಟಗಾಗಿರುವುದು. ಈ ಮೂರರಲ್ಲಿ ಯಾವುದಾದರೂ ಸರಿ, ತೇದು ಕೂರಿಸುವುದು ಪರಿಹಾರವಲ್ಲ. ಮತ್ತೆ ಮಿಲ್ ಮಾಡುವುದೇ ಪರಿಹಾರ. ಅಬಟ್‌ಮೆಂಟಿನ ಒಳಗೋಡೆ ಬಾಯಿಯೊಳಗೆ ಅತಿ ಹೆಚ್ಚು ಎಳೆತ ತಾಳುವ ಜಾಗ, ಕುತ್ತಿಗೆಯಲ್ಲಂತೂ ಅದರ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು.

ಸಿಂಟರಿಂಗಿಗೆ ಬರೋಣ. ಸಾಮಾನ್ಯ 3ವೈ ಪ್ರೋಗ್ರಾಂ ಎಂದರೆ ನಿಮಿಷಕ್ಕೆ 5ರಿಂದ 10 ಡಿಗ್ರಿಯಂತೆ ಏರಿ, 1500 ಅಥವಾ 1530ರಲ್ಲಿ ಎರಡು ಗಂಟೆ ನಿಂತು, ಅದೇ ನಿಧಾನದಲ್ಲಿ ಇಳಿಯುವುದು. ಒಟ್ಟು ಏಳರಿಂದ ಹತ್ತು ಗಂಟೆ. ಇಟ್ರಿಯಾ ಹೆಚ್ಚಿರುವ 5ವೈ ಡಿಸ್ಕುಗಳಿಗೆ ಸಾಮಾನ್ಯವಾಗಿ 1450 ಸಾಕು. ನಿಮ್ಮ ಡಿಸ್ಕಿನ ತಯಾರಕರು ಕೊಟ್ಟ ಅಂಕಿಯೇ ಅಂತಿಮ. ಒಂದು ಕಂಪನಿಯ ಡಿಸ್ಕಿಗೆ ಇನ್ನೊಂದು ಕಂಪನಿಯ ಪ್ರೋಗ್ರಾಂ ಹಾಕಿ ಬಣ್ಣ ಸರಿ ಬಂತೆಂದು ಸುಮ್ಮನಾಗುವುದು ಅಪಾಯ. ಬಣ್ಣ ಸರಿ ಬಂದಮಾತ್ರಕ್ಕೆ ಬಲವೂ ಬಂದಿದೆ ಎಂದಾಗುವುದಿಲ್ಲ.

ಏರುವ ಹಂತದಲ್ಲಿ ಮೊದಲ ಶತ್ರು ತೇವ. ಡಿಸ್ಕ್ ರಂಧ್ರಮಯ, ನೀರನ್ನು ಹೀರುತ್ತದೆ. ಬಣ್ಣದ ದ್ರವದಲ್ಲಿ ಅದ್ದಿದ್ದರೆ ಅಥವಾ ನೀರು ಹಾಯಿಸಿ ಮಿಲ್ ಮಾಡಿದ್ದರೆ ಇನ್‌ಫ್ರಾರೆಡ್ ದೀಪದ ಕೆಳಗೆ ಇಲ್ಲವೇ 80ರಿಂದ 100 ಡಿಗ್ರಿಯ ಓವನ್ನಿನಲ್ಲಿ ಕನಿಷ್ಠ ಅರ್ಧ ಗಂಟೆ, ದಪ್ಪ ತುಂಡಾದರೆ ಒಂದು ಗಂಟೆ ಒಣಗಿಸಿ. ಜೂನ್‌ನಿಂದ ಅಕ್ಟೋಬರ್ ತನಕ ಬೆಂಗಳೂರಿನ ತಂಪು ಹವೆಗೆ, ತೆರೆದಿಟ್ಟ ಡಿಸ್ಕ್ ತಾನಾಗಿಯೇ ಒಂದಿಷ್ಟು ತೇವ ಎಳೆದುಕೊಂಡಿರುತ್ತದೆ, ಅದನ್ನೂ ಲೆಕ್ಕಕ್ಕಿಡಿ. ಒಣಗದ ತುಂಡನ್ನು ಸ್ಪೀಡ್ ಪ್ರೋಗ್ರಾಮಿಗೆ ಹಾಕಿದರೆ ಒಳಗಿನ ಹಬೆ ಹೊರಬರಲು ದಾರಿ ಹುಡುಕುತ್ತದೆ. ಆ ದಾರಿ ಕೂದಲೆಳೆಯ ಬಿರುಕಾಗಿ ಉಳಿದು, ಸಿಂಟರ್ ಆದಮೇಲೆ ಗ್ಲೇಜಿನ ಕೆಳಗೆ ಕಾಣದೆಯೂ ಹೋಗಬಹುದು.

ಮೇಲಿನ ತುದಿಯಲ್ಲಿ ಅತಿಯಾದ ಶಾಖ ಏನು ಮಾಡುತ್ತದೆ? 1550 ದಾಟಿದ ಮೇಲೆ ಕಣಗಳು ಬೇಗ ಬೆಳೆಯುತ್ತವೆ. ಜೊತೆಗೆ ಇಟ್ರಿಯಾ ಸಮನಾಗಿ ಹಂಚಿಹೋಗಿರದೆ ಕೆಲವು ಕಣಗಳಲ್ಲಿ ಗುಂಪುಗೂಡುತ್ತದೆ. ಅವು ಕ್ಯೂಬಿಕ್ ಆಗುತ್ತವೆ, ಪಕ್ಕದ ಟೆಟ್ರಾಗೊನಲ್ ಕಣಗಳಿಗೆ ಇಟ್ರಿಯಾ ಕೊರತೆ ಬೀಳುತ್ತದೆ. ಕೊರತೆ ಬಿದ್ದ ದಪ್ಪ ಕಣವೇ ಬಾಯಿಯ ತೇವಕ್ಕೆ ಮೊದಲು ಬಲಿ. ಇಂಪ್ಲಾಂಟ್ ದರ್ಜೆಯ ಜಿರ್ಕೋನಿಯಾದ ಐಎಸ್‌ಒ 13356 ಮಾನಕ ಸರಾಸರಿ ಕಣಗಾತ್ರಕ್ಕೆ 0.4 ಮೈಕ್ರಾನಿನ ಮಿತಿ ಹಾಕಿರುವುದು ಇದಕ್ಕೇ. ಪಾರದರ್ಶಕತೆ ಹೆಚ್ಚಲಿ ಎಂದು 3ವೈ ಡಿಸ್ಕನ್ನು 1600ಕ್ಕೆ ತಳ್ಳುವವರಿದ್ದಾರೆ. ಬೆಳಕು ಸ್ವಲ್ಪ ಹೆಚ್ಚು ಹಾಯಬಹುದು, ಆಯಸ್ಸು ಕಡಿಮೆಯಾಗುತ್ತದೆ. ಪಾರದರ್ಶಕತೆ ಬೇಕಿದ್ದರೆ ಅದಕ್ಕೆಂದೇ 4ವೈ, 5ವೈ ಇವೆ. ಆದರೆ ಅವುಗಳಲ್ಲಿ ಕ್ಯೂಬಿಕ್ ಪಾಲು ಹೆಚ್ಚಿ, ಬಿರುಕು ತಡೆಯುವ ಗುಣ ಕುಸಿದಿರುತ್ತದೆ. 3ವೈ 1000 ಮೆಗಾಪ್ಯಾಸ್ಕಲಿನ ಆಚೆ ತಾಳಿದರೆ 5ವೈ ಸಾಮಾನ್ಯವಾಗಿ 500ರಿಂದ 700. ಅಬಟ್‌ಮೆಂಟಿಗೆ 5ವೈ ಬಳಸಲೇಬೇಡಿ ಎಂದೇ ನಮ್ಮ ಸಲಹೆ. ಮೇಲಿನ ಕ್ರೌನಿಗೆ, ಅದೂ ಮುಂದಿನ ಹಲ್ಲಿಗೆ ಇರಲಿ.

ಸ್ಪೀಡ್ ಪ್ರೋಗ್ರಾಂ ತಾನಾಗಿ ಕೆಟ್ಟದ್ದಲ್ಲ. ಅದಕ್ಕೆಂದೇ ತಯಾರಾದ ಪುಡಿಯ ಡಿಸ್ಕ್, ತೆಳು ಗೋಡೆಯ ಒಂಟಿ ಕ್ರೌನ್, ಟ್ರೇಯಲ್ಲಿ ಎರಡೋ ಮೂರೋ ತುಂಡು: ಇಷ್ಟಿದ್ದರೆ ಒಂದೂವರೆ ಗಂಟೆಯ ಸಿಂಟರಿಂಗ್ ಒಳ್ಳೆಯ ಫಲವನ್ನೇ ಕೊಡುತ್ತದೆ, ಕಣಗಳು ಸಣ್ಣದಾಗಿಯೇ ಉಳಿಯುತ್ತವೆ. ತೊಂದರೆ ದಪ್ಪದಲ್ಲಿದೆ. ಜಿರ್ಕೋನಿಯಾದ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ 2ರಿಂದ 3 ವಾಟ್ ಮಾತ್ರ, ಲೋಹಗಳ ಮುಂದೆ ಅದು ಏನೂ ಅಲ್ಲ. ಅಬಟ್‌ಮೆಂಟಿನಲ್ಲಿ ಒಂದು ಕಡೆ ಅರ್ಧ ಮಿಲಿಮೀಟರಿನ ಗೋಡೆ, ಇನ್ನೊಂದು ಕಡೆ ನಾಲ್ಕು ಮಿಲಿಮೀಟರಿನ ಭುಜ. ಬೇಗ ಏರಿಸಿದರೆ, ಜೋರು ಉರಿಯಲ್ಲಿ ಬೇಯಿಸಿದ ದಪ್ಪ ರೊಟ್ಟಿಯ ಹಾಗೆ, ಹೊರಪದರ ಮೊದಲು ಗಟ್ಟಿಯಾಗಿ ಒಳಗಿನದು ಹಸಿಯಾಗಿ ಉಳಿಯುತ್ತದೆ. ಹೊರಗೆ ಮುಚ್ಚಿಕೊಂಡ ಮೇಲೆ ಒಳಗಿನ ರಂಧ್ರಗಳ ಗಾಳಿಗೆ ಹೊರಬರಲು ದಾರಿಯಿಲ್ಲ. ತೆಳು ಗೋಡೆ ಮತ್ತು ದಪ್ಪ ಭುಜ ಬೇರೆ ಬೇರೆ ಹೊತ್ತಿಗೆ ಕುಗ್ಗುವುದರಿಂದ ಅವು ಸೇರುವ ಜಾಗದಲ್ಲಿ, ಅಂದರೆ ಕುತ್ತಿಗೆಯಲ್ಲಿ, ಎಳೆತ ಹುಟ್ಟುತ್ತದೆ. ನಿಮ್ಮ ತುಂಡು ಸೀಳಿದ್ದು ಅಲ್ಲೇ ಎಂಬುದನ್ನು ಗಮನಿಸಿ. ಅಬಟ್‌ಮೆಂಟ್, ಮೂರಕ್ಕಿಂತ ಹೆಚ್ಚು ಹಲ್ಲಿನ ಬ್ರಿಡ್ಜ್, ಪೂರ್ತಿ ದವಡೆಯ ಇಂಪ್ಲಾಂಟ್ ಬ್ರಿಡ್ಜ್, ಇವಕ್ಕೆ ರಾತ್ರಿಯಿಡೀ ನಡೆಯುವ ಪೂರ್ಣ ಪ್ರೋಗ್ರಾಂ ಒಂದೇ ಸರಿ. ಡಾಕ್ಟರು ಎಷ್ಟೇ ಅವಸರ ಮಾಡಲಿ.

ಫರ್ನೇಸಿನ ನಡತೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ವೈದ್ಯಲೋಕದಲ್ಲಿ ಒಂದು ಹಳೆಯ ಪಾಠವಿದೆ. ಸೊಂಟದ ಕೀಲು ಬದಲಿಗೆ ಜಿರ್ಕೋನಿಯಾ ಗುಂಡುಗಳನ್ನು ಮಾಡುತ್ತಿದ್ದ ಫ್ರಾನ್ಸಿನ ಒಂದು ಕಾರ್ಖಾನೆ, 1990ರ ದಶಕದ ಕೊನೆಯಲ್ಲಿ ಒಂದೊಂದು ಕಂತು ತುಂಬಿಸಿ ಸುಡುವ ಫರ್ನೇಸನ್ನು ಬಿಟ್ಟು, ಸುರಂಗದಂತೆ ನಿರಂತರವಾಗಿ ಸಾಗುವ ಫರ್ನೇಸಿಗೆ ಬದಲಾಯಿತು. ಬದಲಾದ ಸಿಂಟರಿಂಗಿನಲ್ಲಿ ಗುಂಡಿನ ನಡುಭಾಗ ಪೂರ್ತಿ ಗಟ್ಟಿಯಾಗದೆ ಉಳಿಯಿತು. ಸಿಂಟರ್ ಆದಮೇಲೆ ರಂಧ್ರ ಕೊರೆದಾಗ ಆ ಸಡಿಲ ಭಾಗವೇ ಮೇಲ್ಮೈಯಾಗಿ ತೆರೆದುಕೊಂಡು ದೇಹದ ತೇವಕ್ಕೆ ಸಿಕ್ಕಿತು. ನೂರಾರು ಗುಂಡುಗಳು ರೋಗಿಗಳ ದೇಹದಲ್ಲೇ ಒಡೆದು, 2001ರಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ನಿಮ್ಮ ಪ್ರಕರಣಕ್ಕೂ ಇದಕ್ಕೂ ನಂಟಿದೆ: ಸಿಂಟರ್ ಆದ ತುಂಡಿನ ಒಳಗನ್ನು ತೇದು ತೆರೆದರೆ ಅಲ್ಲಿ ಏನಿದೆಯೋ ಅದೇ ಇನ್ನು ಮೇಲ್ಮೈ.

ಹಾಗಾದರೆ ಫರ್ನೇಸನ್ನು ನಂಬುವುದು ಹೇಗೆ? ಪರದೆಯ ಮೇಲಿನ ಅಂಕಿಯನ್ನು ನಂಬಬೇಡಿ. ಅದು ಥರ್ಮೋಕಪಲ್ (ಫರ್ನೇಸಿನೊಳಗೆ ಶಾಖ ಅಳೆಯುವ ತಂತಿ) ಹೇಳುವ ಅಂಕಿ. ವರ್ಷ ಕಳೆದಂತೆ ಅದು ಜಾರುತ್ತದೆ. ಶಾಖಕ್ಕೆ ತಕ್ಕಂತೆ ಕುಗ್ಗುವ ಸೆರಾಮಿಕ್ ಪರೀಕ್ಷಾ ಉಂಗುರಗಳು ಸಿಗುತ್ತವೆ. ಮೂರು ತಿಂಗಳಿಗೊಮ್ಮೆ ಟ್ರೇಯ ನಡುವೆ ಒಂದು, ಅಂಚಿನಲ್ಲಿ ಒಂದು ಇಟ್ಟು ಪೂರ್ಣ ಪ್ರೋಗ್ರಾಂ ಓಡಿಸಿ, ಮೈಕ್ರೋಮೀಟರಿನಲ್ಲಿ ವ್ಯಾಸ ಅಳೆದು ಜೊತೆಗೆ ಬಂದ ಕೋಷ್ಟಕ ನೋಡಿ. ಉಂಗುರ ಇಲ್ಲವಾದರೆ ಸಾಂದ್ರತೆ ಅಳೆಯಿರಿ, ಇದಕ್ಕೆ ಖರ್ಚೇ ಇಲ್ಲ. ಉಳಿದ ಡಿಸ್ಕಿನಲ್ಲಿ ಸಿಂಟರ್ ಆದಮೇಲೆ 10×10×4 ಮಿಲಿಮೀಟರ್ ಬರುವಂತೆ ಒಂದು ತುಂಡು ಮಿಲ್ ಮಾಡಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಗಾಳಿಯಲ್ಲೊಮ್ಮೆ, ದಾರದಲ್ಲಿ ಡಿಸ್ಟಿಲ್ಡ್ ನೀರಿಗೆ ಇಳಿಬಿಟ್ಟು ಇನ್ನೊಮ್ಮೆ ತೂಗಿ. ಗಾಳಿಯಲ್ಲಿ 2.430 ಗ್ರಾಂ, ನೀರಿನಲ್ಲಿ 2.031 ಗ್ರಾಂ ಬಂದರೆ ವ್ಯತ್ಯಾಸ 0.399, 2.430ನ್ನು ಅದರಿಂದ ಭಾಗಿಸಿ 25 ಡಿಗ್ರಿಯ ನೀರಿನ ಸಾಂದ್ರತೆ 0.997ರಿಂದ ಗುಣಿಸಿದರೆ 6.07. ಚೆನ್ನಾಗಿದೆ. 6.00ಕ್ಕಿಂತ ಕೆಳಗೆ ಬಂದರೆ ಆ ಫರ್ನೇಸಿನಿಂದ ಇಂಪ್ಲಾಂಟ್ ಕೆಲಸ ನಿಲ್ಲಿಸಿ, ಸರ್ವೀಸಿನವರನ್ನು ಕರೆಸಿ. ಗುಳ್ಳೆ ಅಂಟಿದ್ದರೆ ಅಂಕಿ ಸುಳ್ಳು ಹೇಳುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಗುಳ್ಳೆ ಬಿಡುತ್ತದೆ.

ತುಂಡಿಗೆ ಹಸಿರು ಅಥವಾ ಹಳದಿ ಛಾಯೆ ಬಂದರೆ ಹೀಟಿಂಗ್ ಎಲಿಮೆಂಟ್ ಕಡೆ ನೋಡಿ. ಮಾಲಿಬ್ಡಿನಂ ಡೈಸಿಲಿಸೈಡ್ ಎಲಿಮೆಂಟಿನ ಮೇಲೆ ಗಾಜಿನಂಥ ಒಂದು ರಕ್ಷಣಾ ಪದರ ಇರುತ್ತದೆ. ಬಣ್ಣದ ದ್ರವದ ಆಮ್ಲದ ಹೊಗೆ ಅದನ್ನು ಕೆಡಿಸಿ, ಉದುರಿದ ಪುಡಿ ಕೆಲಸದ ಮೇಲೆ ಬೀಳುತ್ತದೆ. ತಯಾರಕರು ಹೇಳಿದಂತೆ ಖಾಲಿ ಫರ್ನೇಸನ್ನು 1450 ಅಥವಾ ಅದಕ್ಕಿಂತ ಮೇಲೆ ಓಡಿಸಿ ಆ ಪದರ ಮತ್ತೆ ಕಟ್ಟುವಂತೆ ಮಾಡಿ. ಟ್ರೇಯ ಜಿರ್ಕೋನಿಯಾ ಮಣಿಗಳು ಒಂದಕ್ಕೊಂದು ಅಂಟುತ್ತಿದ್ದರೆ ಬದಲಿಸಿ. ಅವು ಉರುಳದಿದ್ದರೆ ಕುಗ್ಗುತ್ತಿರುವ ತುಂಡು ಸರಿದಾಡಲಾರದೆ ಸೊಟ್ಟಗಾಗುತ್ತದೆ.

ಕರೆಂಟ್ ವಿಚಾರವನ್ನೂ ಇಲ್ಲೇ ಹೇಳಿಬಿಡಬೇಕು. ರಾತ್ರಿ ಪ್ರೋಗ್ರಾಂ ಹಾಕಿ ಬೀಗ ಹಾಕಿ ಹೋದಮೇಲೆ ಬೆಸ್ಕಾಂ ಲೈನು ಹೋಗಿ ಬಂದರೆ ಬೆಳಿಗ್ಗೆ ನೋಡುವವರಿಗೆ ಗೊತ್ತಾಗುವುದಿಲ್ಲ, ತುಂಡು ಬೆಳ್ಳಗೆ ಗಟ್ಟಿಯಾಗಿಯೇ ಕಾಣುತ್ತದೆ. ಬಾಗಿಲು ತೆಗೆಯುವ ಮೊದಲು ಫರ್ನೇಸಿನ ಲಾಗ್ ನೋಡುವ ಅಭ್ಯಾಸ ಇರಲಿ. ಮೇಲಿನ ಉಷ್ಣತೆಯಲ್ಲಿ ನಿಂತ ಹೊತ್ತು ಕಡಿಮೆಯಾಗಿದ್ದರೆ ಒಂಟಿ ಕ್ರೌನನ್ನು ಇನ್ನೊಮ್ಮೆ ಪೂರ್ಣ ಪ್ರೋಗ್ರಾಮಿಗೆ ಹಾಕಿ ಉಳಿಸಿಕೊಳ್ಳಬಹುದು. ಅಬಟ್‌ಮೆಂಟನ್ನು ಮತ್ತೆ ಮಾಡಿ. ಡಿಸ್ಕಿನ ಒಂದು ಮೂಲೆಯ ಬೆಲೆ ಅದು, ಅಷ್ಟೇ.

ತೇಯುವುದು ಮತ್ತು 1000 ಡಿಗ್ರಿ. ಬರ್ ತಾಗಿದಾಗ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಮೇಲ್ಮೈಯ ಕೆಲವು ಮೈಕ್ರಾನ್ ಆಳದ ಕಣಗಳು ಮೊನೊಕ್ಲಿನಿಕ್ ಆಗಿ ಹಿಗ್ಗುತ್ತವೆ, ಅದರಿಂದ ಆ ಪದರದಲ್ಲಿ ಒತ್ತಡ ಹುಟ್ಟಿ ಬಲ ತಾತ್ಕಾಲಿಕವಾಗಿ ಹೆಚ್ಚುವುದೂ ಉಂಟು. ಜೊತೆಗೆ ಡೈಮಂಡಿನ ಪ್ರತಿ ಕಣವೂ ಒಂದೊಂದು ಗೀರು, ಗೀರಿನ ಕೆಳಗೆ ಒಂದೊಂದು ಬಿರುಕು ಬಿಡುತ್ತದೆ. ನೀರು ಹಾಯಿಸಿ, ಕೆಂಪು ಪಟ್ಟಿಯ ನಯ ಬರ್‌ನಿಂದ ಹಗುರಾಗಿ ತೇದರೆ ಬಿರುಕುಗಳು ಆ ಒತ್ತಡದ ಪದರದೊಳಗೇ ಉಳಿಯುತ್ತವೆ. ಹಸಿರು ಪಟ್ಟಿಯ ಒರಟು ಬರ್, ನೀರಿಲ್ಲ, ಮೇಲಿಂದ ಕೈಬಲ: ಕಿಡಿ ಹಾರಿತೆಂದರೆ ಅಲ್ಲಿ ಬಿರುಕು ಪದರವನ್ನು ದಾಟಿ ಒಳಗಿಳಿಯಿತೆಂದೇ ಲೆಕ್ಕ.

ಇಂಥ ತುಂಡನ್ನು 900ರಿಂದ 1000 ಡಿಗ್ರಿಯಲ್ಲಿ ಹದಿನೈದು ನಿಮಿಷದಿಂದ ಒಂದು ಗಂಟೆ ಇಟ್ಟರೆ ಮೊನೊಕ್ಲಿನಿಕ್ ಕಣಗಳು ಮತ್ತೆ ಟೆಟ್ರಾಗೊನಲ್ ಆಗುತ್ತವೆ. ಇನ್ನು ಮುಂದೆ ತೇವಕ್ಕೆ ಸವೆಯುವ ಸಾಧ್ಯತೆ ಕಡಿಮೆಯಾಗುತ್ತದೆ, ಪೋರ್ಸಲೇನ್ ಹಾಕುವುದಿದ್ದರೆ ಮೇಲ್ಮೈಯ ಹಿಗ್ಗುವಿಕೆಯೂ ಸರಿಹೋಗುತ್ತದೆ. ಆದರೆ ಬಿರುಕನ್ನು ಹಿಡಿದಿಟ್ಟಿದ್ದ ಒತ್ತಡವೂ ಅದೇ ಶಾಖಕ್ಕೆ ಕಳಚಿಹೋಗುತ್ತದೆ. ಬಿರುಕು ಇದ್ದಲ್ಲೇ ಇರುತ್ತದೆ, ಕಾವಲು ಮಾತ್ರ ಹೋಗಿರುತ್ತದೆ. ಒರಟಾಗಿ ತೇದ ತುಂಡಿಗೆ ಈ ಫೈರಿಂಗ್ ಕೊಟ್ಟರೆ ಅದರ ಬಲ ಕೊಡದಿದ್ದಾಗಿನದಕ್ಕಿಂತ ಇಳಿಯಬಹುದು. ಬಿರುಕು ಮುಚ್ಚಬೇಕಾದರೆ ಕಣಗಳೇ ಸರಿದು ಬೆಸೆಯುವಷ್ಟು, ಅಂದರೆ ಸಿಂಟರಿಂಗಿನಷ್ಟೇ, ಶಾಖ ಬೇಕು. ಅಲ್ಲಿಗೆ ಹೋದರೂ ತೆರೆದುಕೊಂಡ ಬಿರುಕು ಪೂರ್ತಿ ಕೂಡುವ ಭರವಸೆಯಿಲ್ಲ. ನಯವಾಗಿ ತೇದು ಪಾಲಿಶ್ ಮಾಡಿದ ಹೊರಮೈಗೆ ಪೋರ್ಸಲೇನಿಗೆ ಮುಂಚೆ ಈ ಫೈರಿಂಗ್ ಕೊಡಿ, ಉಪಯೋಗವಿದೆ. ಕುತ್ತಿಗೆಯನ್ನು ಒರಟಾಗಿ ತೇದಿದ್ದರೆ ಅದನ್ನು ಕಸಕ್ಕೆ ಹಾಕಿ.

ತಿದ್ದುವುದೆಲ್ಲ ಸಿಂಟರಿಂಗಿಗೆ ಮೊದಲೇ ಮುಗಿಯಲಿ. ಸೀಮೆಸುಣ್ಣದಷ್ಟು ಮೆದುವಾಗಿರುವಾಗ ರಬ್ಬರ್ ಪಾಯಿಂಟಿನಿಂದ ನಯ ಮಾಡಿದ್ದು ಸಿಂಟರಿಂಗಿನಲ್ಲಿ ಇನ್ನಷ್ಟು ನಯವಾಗಿ ಕೂಡಿಕೊಳ್ಳುತ್ತದೆ. ಅಂಟಿಸುವ ಮೊದಲಿನ ಸ್ಯಾಂಡ್‌ಬ್ಲಾಸ್ಟಿಂಗಿಗೆ 50 ಮೈಕ್ರಾನ್ ಅಲ್ಯೂಮಿನಾ, 1ರಿಂದ 2 ಬಾರ್ ಸಾಕು. 4 ಬಾರ್ ಹಾಕಿದರೆ ಹಿಡಿತ ಹೆಚ್ಚುವುದಿಲ್ಲ, ಗಾಯ ಹೆಚ್ಚುತ್ತದೆ. ಹಿಡಿತ ಬರುವುದು ಎಂಡಿಪಿ ಎಂಬ, ಜಿರ್ಕೋನಿಯಾಕ್ಕೆ ಅಂಟುವ ರಾಸಾಯನಿಕ ಇರುವ ಪ್ರೈಮರಿನಿಂದ.

ಪೋರ್ಸಲೇನ್ ಹಾಕುವ ಕೆಲಸವಿದ್ದರೆ ಶಾಖದ ಇನ್ನೊಂದು ಅಧ್ಯಾಯ ಶುರು. ಜಿರ್ಕೋನಿಯಾ ಡಿಗ್ರಿಗೆ ಹತ್ತು ಲಕ್ಷದಲ್ಲಿ 10.5 ಭಾಗ ಹಿಗ್ಗುತ್ತದೆ, ಅದಕ್ಕೆಂದು ಮಾಡಿದ ಪೋರ್ಸಲೇನ್ 9ರಿಂದ 9.5. ಈ ಸಣ್ಣ ವ್ಯತ್ಯಾಸ ಬೇಕೆಂದೇ ಇಟ್ಟದ್ದು, ತಣಿದಾಗ ಪೋರ್ಸಲೇನ್ ಹಗುರಾಗಿ ಒತ್ತಿಸಿಕೊಂಡು ಕೂರುತ್ತದೆ. ಲೋಹದ ಮೇಲಿನ ಕೆಲಸಕ್ಕೆಂದು ಇಟ್ಟ ಪುಡಿಯನ್ನು ಇದಕ್ಕೆ ಹಾಕಿದರೆ ಮೊದಲ ತಣಿವಿಗೇ ಬಿರಿಯುತ್ತದೆ. ಇನ್ನು ಬೇಗ ತಣಿಸಿದರೆ ಹೊರಮೈ ಗಟ್ಟಿಯಾದಾಗ ಜಿರ್ಕೋನಿಯಾದ ಹತ್ತಿರದ ಪೋರ್ಸಲೇನ್ ಇನ್ನೂ ಮೆತ್ತಗಿರುತ್ತದೆ, ಅದು ಆಮೇಲೆ ಕುಗ್ಗುವಾಗ ಎಳೆತ ಒಳಗೇ ಸಿಕ್ಕಿಬೀಳುತ್ತದೆ. ತಿಂಗಳುಗಳ ಮೇಲೆ ಊಟದ ಹೊತ್ತಿಗೆ ಚಿಪ್ಪು ಹಾರುವುದು ಆ ಎಳೆತದಿಂದ. ಕೊನೆಯ ಗ್ಲೇಜ್ ಫೈರಿಂಗಿನಲ್ಲಿ ಉಷ್ಣತೆ ಸುಮಾರು 500ಕ್ಕೆ ಇಳಿಯುವ ತನಕ ಚೇಂಬರ್ ತೆರೆಯಬೇಡಿ, ಪೋರ್ಸಲೇನ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು ಅನುಸರಿಸಿ. ಇಂಪ್ಲಾಂಟಿನ ಸುತ್ತ ನಿಜವಾದ ಹಲ್ಲಿನಂತೆ ಮೆತ್ತೆಯ ಲಿಗಮೆಂಟ್ ಇಲ್ಲ, ಕಚ್ಚಿದ್ದು ನೇರ ಪೆಟ್ಟು. ಹಾಗಾಗಿ ದವಡೆ ಹಲ್ಲಿಗೆ ಪೂರ್ತಿ ಜಿರ್ಕೋನಿಯಾ, ಮುಂದಿನದಕ್ಕೆ ತುಟಿ ಕಡೆ ಮಾತ್ರ ತೆಳುವಾಗಿ ಪೋರ್ಸಲೇನ್ ಎನ್ನುವುದು ಜಾಣತನ.

ಪೋರ್ಸಲೇನ್ ಫರ್ನೇಸಿನ ಉಷ್ಣತೆ ನೋಡಲು ಶುದ್ಧ ಬೆಳ್ಳಿಯ ತಂತಿ ಸಾಕು: ಬೆಳ್ಳಿ ಕರಗುವುದು 961.8 ಡಿಗ್ರಿಯಲ್ಲಿ. ವ್ಯಾಕ್ಯೂಮ್ ಬಗ್ಗೆ ಒಂದು ಸ್ಥಳೀಯ ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನ ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಪಾದರಸದ ಸುಮಾರು 27 ಇಂಚು. ಕೈಪಿಡಿಯಲ್ಲಿ 28 ಇಂಚು ಬರಬೇಕೆಂದು ಬರೆದಿದೆ ಎಂದು ಪಂಪ್ ಬದಲಿಸಿದವರಿದ್ದಾರೆ. ಹೊರಗಿನ ಗಾಳಿಗೆ ಹೋಲಿಸಿ ತೋರಿಸುವ ಮೀಟರಿನಲ್ಲಿ ಇಲ್ಲಿ 28 ಬರಲು ಸಾಧ್ಯವೇ ಇಲ್ಲ.

ಗಾಜಿನ ಜಾತಿಯ ಇನ್ನೊಂದು ಸೆರಾಮಿಕ್ ಆದ ಲಿಥಿಯಂ ಡೈಸಿಲಿಕೇಟ್ ಕ್ರೌನುಗಳ ನಿಯಮ ಬೇರೆ, ಗೊಂದಲ ಬೇಡ. ನೀಲಿ ಬಣ್ಣದ ಬ್ಲಾಕ್ ಮಿಲ್ ಮಾಡಿದ ಮೇಲೆ 840ರಿಂದ 850 ಡಿಗ್ರಿಯಲ್ಲಿ ಹರಳುಗಟ್ಟಿ ಹಲ್ಲಿನ ಬಣ್ಣಕ್ಕೆ ಬರುತ್ತದೆ. ಕುಗ್ಗುವುದು ಶೇಕಡ 0.2ರ ಸುತ್ತ. ಮಿತಿ ಮೀರಿದರೆ ಗಾಜು ಮೆತ್ತಗಾಗಿ ಸ್ಕ್ರೂ ರಂಧ್ರ ಕೆಳಗಿಳಿಯುತ್ತದೆ, ಫೈರಿಂಗ್ ಪೇಸ್ಟ್ ತುಂಬಿ ಪಿನ್ ಮೇಲೆ ನಿಲ್ಲಿಸಿ. ಯಾವ ಸೆರಾಮಿಕ್ ಆದರೂ ಸರಿ, ಟೈಟೇನಿಯಂ ಬೇಸ್ ಅಂಟಿಸಿದ ಮೇಲೆ ಫರ್ನೇಸಿಗೆ ಹಾಕಬೇಡಿ. ರೆಸಿನ್ ಸುಟ್ಟುಹೋಗುತ್ತದೆ, ಟೈಟೇನಿಯಂ ಮೇಲೆ ದಪ್ಪ ಆಕ್ಸೈಡ್ ಕಟ್ಟಿ ಇಂಪ್ಲಾಂಟಿಗೆ ಕೂರುವ ಮುಖ ಕೆಡುತ್ತದೆ. ಬಾಯಿಂದ ವಾಪಸ್ ಬಂದ ಕ್ರೌನಿಗೆ ಪೋರ್ಸಲೇನ್ ಸೇರಿಸಬೇಕಾದರೆ ಮೊದಲು 300ರಿಂದ 400 ಡಿಗ್ರಿಯಲ್ಲಿ ಸಿಮೆಂಟ್ ಬಿಡಿಸಿ, ಬೇಸ್ ಎಸೆದು, ಕ್ರೌನನ್ನು ಬಹಳ ನಿಧಾನವಾಗಿ ಒಣಗಿಸಿ ಏರಿಸಿ. ಬಾಯಿಯಲ್ಲಿ ಹೀರಿದ ತೇವ ಬಿಸಿಯೇರಿದ ಕೂಡಲೇ ಪೋರ್ಸಲೇನನ್ನು ಸಿಡಿಸುತ್ತದೆ.

ಇನ್ನು ನಿಮ್ಮ ಅನುಮಾನದ ಆಟೋಕ್ಲೇವ್. 134 ಡಿಗ್ರಿಯ ಹಬೆ ಜಿರ್ಕೋನಿಯಾವನ್ನು ಸವೆಸುತ್ತದೆ ಎನ್ನುವುದು ನಿಜ. ಎಷ್ಟು ನಿಜವೆಂದರೆ ಐಎಸ್‌ಒ 13356 ಅದನ್ನೇ ಪರೀಕ್ಷೆಯಾಗಿ ಬಳಸುತ್ತದೆ: 134 ಡಿಗ್ರಿ, 2 ಬಾರ್, ಐದು ಗಂಟೆ, ಆಮೇಲೆ ಮೊನೊಕ್ಲಿನಿಕ್ ಪಾಲು ಶೇಕಡ 25 ಮೀರಬಾರದು. ಕ್ಲಿನಿಕ್ಕಿನ ಒಂದು ಸೈಕಲ್‌ನಲ್ಲಿ ತುಂಡು ಆ ಉಷ್ಣತೆಯಲ್ಲಿ ಇರುವುದು ಮೂರು ನಾಲ್ಕು ನಿಮಿಷ. ಐದು ಗಂಟೆ ತುಂಬಲು ನಾಲ್ಕು ನಿಮಿಷದ 75 ಸೈಕಲ್ ಬೇಕು. ಸರಿಯಾಗಿ ಸಿಂಟರ್ ಆದ ಅಬಟ್‌ಮೆಂಟಿಗೆ ಒಂದೆರಡು ಸಲದ ಆಟೋಕ್ಲೇವ್ ಲೆಕ್ಕಕ್ಕಿಲ್ಲ. ಸೊಂಟದ ಗುಂಡುಗಳ ಬಗ್ಗೆ, ಹಬೆಯಲ್ಲಿ ಮತ್ತೆ ಸ್ಟೆರಿಲೈಜ್ ಮಾಡಬೇಡಿ ಎಂದು ಅಮೆರಿಕದ ಎಫ್‌ಡಿಎ 1997ರಲ್ಲಿ ಎಚ್ಚರಿಸಿದ್ದು ಅವುಗಳ ಉಜ್ಜುವ ಮೇಲ್ಮೈ ಒರಟಾಗುತ್ತದೆ ಎಂದು. ಅಬಟ್‌ಮೆಂಟಿಗೆ ಅಂಥ ಉಜ್ಜುವ ಕೆಲಸವಿಲ್ಲ. ರಂಧ್ರ ಉಳಿದ ಅಥವಾ ಒರಟಾಗಿ ತೇದ ತುಂಡಾದರೆ ಹಬೆ ಒಳಗಿಳಿಯಲು ದಾರಿ ಸಿಗುತ್ತದೆ, ಆಗಲೂ ಮೂಲ ದೋಷ ಹಬೆಯದ್ದಲ್ಲ.

ಡಾಕ್ಟರಿಗೆ ಒಂದು ಮಾತು ತಲುಪಿಸಿ. ಒಂದೇ ತುಂಡಿನ ಜಿರ್ಕೋನಿಯಾ ಇಂಪ್ಲಾಂಟ್ ಬಳಸುವವರಾದರೆ, ಅವು ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ, ಆರ್ಗಾನ್ ಅನಿಲದ ನಡುವೆ 1400 ಡಿಗ್ರಿಯ ಸುತ್ತ ಒತ್ತಿ ಕಾಯಿಸಿ ಉಳಿದ ರಂಧ್ರಗಳನ್ನೂ ಮುಚ್ಚಿದ ವಸ್ತುವಿನಿಂದ ಬರುವುದು ರೂಢಿ. ಹಾಗೆ ಬಂದದ್ದರ ತಲೆಯನ್ನು ಬಾಯಿಯೊಳಗೆ ಬರ್‌ನಿಂದ ಆಕಾರಕ್ಕೆ ತರುವುದೆಂದರೆ ಮುಂದೆ ಫರ್ನೇಸಿಗೆ ಹಾಕಲಾಗದ ಜಾಗದಲ್ಲಿ ಬಿರುಕು ಬಿಡುವುದು. ತಯಾರಕರು ಎಲ್ಲಿ, ಯಾವ ಬರ್‌ನಿಂದ ತೇಯಬಹುದೆಂದು ಬರೆದಿರುತ್ತಾರೆ; ಅಷ್ಟಕ್ಕೇ ನಿಲ್ಲಬೇಕು.

ಒಡೆದ ಅಬಟ್‌ಮೆಂಟಿನ ಎರಡೂ ಹೋಳುಗಳು ನಿಮ್ಮ ಹತ್ತಿರ ಇದ್ದರೆ ಅವನ್ನು ಸ್ಯಾಂಡ್‌ಬ್ಲಾಸ್ಟ್ ಮಾಡಬೇಡಿ, ಒಂದಕ್ಕೊಂದು ಜೋಡಿಸಿ ನೋಡಬೇಡಿ, ಮುಖ್ಯವಾಗಿ ಫರ್ನೇಸಿಗೆ ಹಾಕಬೇಡಿ. 900 ಡಿಗ್ರಿ ದಾಟಿದರೆ ಮೊನೊಕ್ಲಿನಿಕ್ ಕಣಗಳೆಲ್ಲ ತಿರುಗಿಬಿಟ್ಟು ಸಾಕ್ಷಿ ಅಳಿಸಿಹೋಗುತ್ತದೆ. ಅಲ್ಕೋಹಾಲಿನಲ್ಲಿ ಅಲುಗಿಸಿ ತೊಳೆದು, ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಒಡೆದ ಮುಖವನ್ನು ಮೈಕ್ರೋಸ್ಕೋಪಿನಲ್ಲಿ ಓರೆ ಬೆಳಕಿಗೆ ಹಿಡಿದರೆ ಗೆರೆಗಳು ಒಂದು ಬಿಂದುವಿನಿಂದ ಬೀಸಣಿಗೆಯಾಗಿ ಹರಡಿರುವುದು ಕಾಣುತ್ತದೆ. ಆ ಬಿಂದು ಒಳಗೋಡೆಯ ಬರ್ ಗೀರಿನ ಮೇಲಿದ್ದರೆ ತೇದದ್ದೇ ಕಾರಣ. ಗೋಡೆಯ ದಪ್ಪದ ನಡುವೆ ಒಂದು ರಂಧ್ರದಲ್ಲಿದ್ದರೆ ಸಿಂಟರಿಂಗ್ ಅಥವಾ ಡಿಸ್ಕ್. ಹೊರಮೈಯಲ್ಲಿದ್ದು ಅದರ ಸುತ್ತ ಬಿಳಿ ಪುಡಿಯಂಥ ಒರಟು ಪದರ ಇದ್ದರೆ ಸವೆತ. ಆಗ ಎಕ್ಸ್‌ರೇ ಡಿಫ್ರಾಕ್ಷನ್ ಮಾಡಿಸಿ ಮೊನೊಕ್ಲಿನಿಕ್ ಪಾಲನ್ನು ಅಳೆಸಬಹುದು. ಅದೇ ಬ್ಯಾಚಿನ ಡಿಸ್ಕ್ ಇನ್ನೂ ಉಳಿದಿದ್ದರೆ ಅದರಿಂದ ಒಂದು ತುಂಡನ್ನು ಅದೇ ಸ್ಪೀಡ್ ಪ್ರೋಗ್ರಾಮಿನಲ್ಲಿ, ಇನ್ನೊಂದನ್ನು ಪೂರ್ಣ ಪ್ರೋಗ್ರಾಮಿನಲ್ಲಿ ಓಡಿಸಿ ಎರಡರ ಸಾಂದ್ರತೆಯನ್ನೂ ತೂಗಿ ನೋಡಿ, ಹೊಸ ಅಬಟ್‌ಮೆಂಟ್ ಮಿಲ್ ಮಾಡುವುದಕ್ಕೆ ಮೊದಲೇ.